ದಿನಕ್ಕೊಂದು ಗಂಟೆ

ಜೂನ್ 8, ಸೋಮವಾರ. ಬೆಳಗ್ಗೆ 9.40

ರಿಜಿಸ್ಟರಿನಲ್ಲಿ ಈ ವಾರದ ಸಾಲುಗಳು ಬರೆದು ಮುಗಿದವು. ಸೋಮವಾರದಿಂದ ಭಾನುವಾರದವರೆಗೆ, ಹೆಂಗಸರ ಬ್ಲಾಕಿನ ಮೂವತ್ತೆಂಟು ಜನರದ್ದೂ. ಹೊರಗೆ ಬಿಟ್ಟದ್ದು 10 ಗಂಟೆ, ಒಳಗೆ ಹಾಕಿದ್ದು 11, ಪಕ್ಕದಲ್ಲಿ ನನ್ನ ಸಹಿ. ಭಾನುವಾರ ಬರಲು ಇನ್ನೂ ಆರು ದಿನ. ನನ್ನ ರಿಜಿಸ್ಟರಿನಲ್ಲಿ ಆಗಲೇ ಎಲ್ಲರೂ ಅಂಗಳದಲ್ಲಿ ಓಡಾಡಿ ಒಳಗೆ ಹೋಗಿಯಾಗಿದೆ. ಈ ಜೈಲಿನ ಗುಮಾಸ್ತರೆಲ್ಲ ಹೀಗೇ ಮಾಡಿಕೊಂಡು ಬಂದವರು. ನನಗೆ ಕೆಲಸ ಕಲಿಸಿದವರಂತೂ ಇಡೀ ತಿಂಗಳನ್ನೇ ಒಂದೇ ಏಟಿಗೆ ಮುಗಿಸುತ್ತಿದ್ದರು. ದಿನಾ ಬರೆಯುತ್ತ ಕೂತರೆ ಉಳಿದ ಹದಿನಾಲ್ಕು ರಿಜಿಸ್ಟರು ಯಾರಪ್ಪ ಬರೆಯಬೇಕು?

ಮಾಸ್ಕಿನ ದಾರಕ್ಕೆ ಕಿವಿ ಹಿಂದೆ ಗಾಯ. ಕೂರಲು ಆಗುತ್ತಿಲ್ಲ. ಎದ್ದು ಎರಡು ಸುತ್ತು ಹಾಕಿ ಬಂದೆ. ಗಂಡಸರ ಬ್ಲಾಕಿನಲ್ಲಿ ಮೂವರಿಗೆ ಜ್ವರವಂತೆ…

ಜೂನ್ 10, ಬುಧವಾರ. ಮಧ್ಯಾಹ್ನ

ನಮ್ಮ ಕಡೆಗೂ ಬಂತು. ಅಡುಗೆಮನೆಯಲ್ಲಿ ದುಡಿಯುವ ಕೈದಿಗೆ ಪಾಸಿಟಿವ್. ಹೆಂಗಸರ ಬ್ಲಾಕ್ ಸೀಲ್. ಯಾರೂ ಸೆಲ್ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಊಟ ಬಾಗಿಲ ಕಿಂಡಿಯಿಂದ. ಇಬ್ಬರಿಗೆಂದು ಕಟ್ಟಿದ ಸೆಲ್ಲಿನಲ್ಲಿ ನಾಲ್ವರು. ವಾರ್ಡರುಗಳಲ್ಲಿ ಅರ್ಧ ಜನ ಮನೆಯಲ್ಲಿ ಮಲಗಿದ್ದಾರೆ.

ಆಮೇಲೆ ನೆನಪಾಯಿತು — ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಬರೆದಾಗಿದೆ! ರಿಜಿಸ್ಟರ್ ಹಿಡಿದು ಸೂಪರಿಂಟೆಂಡೆಂಟ್ ಸಾಹೇಬರ ಹತ್ತಿರ ಓಡಿದೆ.

“ಇರ್ಲಿ ಬಿಡಮ್ಮ, ನಾಲ್ಕು ದಿನ ತಾನೇ,” ಅಂದರು. “ವೈಟ್ನರ್ ಹಚ್ಚೋಕೆ ಹೋಗ್ಬೇಡ. ಕಣ್ಣಿಗೆ ಹೊಡೆಯುತ್ತೆ.”

ಜೂನ್ 15, ಸೋಮವಾರ

ಸೀಲ್ ತೆಗೆದಿಲ್ಲ. ಈ ವಾರದ ಸಾಲು ಖಾಲಿ ಬಿಡಲಾ ಅಂತ ಸಾಹೇಬರನ್ನು ಕೇಳಿದೆ.

“ದಿನಕ್ಕೊಂದು ಗಂಟೆ ಹೊರಗೆ ಬಿಡ್ಲೇಬೇಕು ಅಂತ ಮೇಲಿಂದ ಆರ್ಡರ್ ಇದೆ. ಖಾಲಿ ಬಿಟ್ರೆ ನನ್ನ ತಲೆ ತೆಗೀತಾರೆ. ಹೋದ ವಾರದ ಹಾಗೇ ಹಾಕ್ಬಿಡು.”

ಹಾಕಿದೆ. ಮೂವತ್ತೇಳು ಜನ. ಅಡುಗೆಯವಳು ಆಸ್ಪತ್ರೆಯಲ್ಲಿದ್ದಾಳೆ, ಅವಳನ್ನು ಓಡಾಡಿಸಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಸಾಹೇಬರು ಕೆಟ್ಟವರಲ್ಲ. ನನ್ನ ಅತ್ತೆಗೆ ಉಸಿರು ಕಟ್ಟಿದ ದಿನ ಆಂಬುಲೆನ್ಸ್ ಸಿಗದೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದವರು.

ಜುಲೈ 13, ಸೋಮವಾರ

ಮೂವತ್ಮೂರು ದಿನದ ಮೇಲೆ ಬಾಗಿಲು ತೆರೆದರು. ಕಿಂಡಿಯಿಂದ ಊಟ ಕೊಡುತ್ತಿದ್ದ ವಾರ್ಡರಮ್ಮ ಅದನ್ನು ನೋಡಲಿಲ್ಲ — ಹೋದ ವಾರ ಅದೇ ಕಾಯಿಲೆಗೆ ತೀರಿಕೊಂಡರು.

ಅಂಗಳಕ್ಕೆ ನಾನೂ ಹೋದೆ. ವ್ಯಾನ್ ಅಕ್ಕ ಬಂದಳು. ಶಾಲೆಯ ವ್ಯಾನ್ ಓಡಿಸುತ್ತಿದ್ದವಳು. ಫೋನ್ ನೋಡುತ್ತ ಒಬ್ಬ ಸೈಕಲ್ಲಿನವನ ಮೇಲೆ ಹರಿಸಿದಳು, ಅವನು ಸತ್ತ. ತಪ್ಪು ಒಪ್ಪಿಕೊಂಡಿದ್ದಾಳೆ, ಶಿಕ್ಷೆ ಎಷ್ಟು ಎಂಬುದು ಮಾತ್ರ ಬಾಕಿ. ಮೊದಲೆಲ್ಲ ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಬಿರಬಿರನೆ ನಡೆಯುತ್ತಿದ್ದವಳು, ಇವತ್ತು ನಾಲ್ಕು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡಳು.

“ಏನಾಯ್ತೇ?”

“ಕಾಲಿಗೆ ನಡೆಯೋದೇ ಮರ್ತುಹೋಗಿದೆ ಮೇಡಂ,” ಅಂತ ನಕ್ಕಳು.

ನಾನೂ ನಕ್ಕೆ. ಯಾಕೆ ನಕ್ಕೆನೋ.

ಆಗಸ್ಟ್ 4, ಮಂಗಳವಾರ. ಸಂಜೆ 4

ವ್ಯಾನ್ ಅಕ್ಕನ ಲಾಯರಮ್ಮ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಕೊರೊನಾದಲ್ಲಿ ಸೆಲ್ಲಿನೊಳಗೇ ಕೂಡಿಹಾಕಿದ ದಿನಗಳು ಮಾಮೂಲಿ ಜೈಲಿಗಿಂತ ಕಠಿಣ, ಅದನ್ನು ಶಿಕ್ಷೆಯಲ್ಲಿ ಕಳೆಯಬೇಕು ಅಂತ. ಇಂಥದ್ದಕ್ಕೆ ಜಡ್ಜ್ ಒಪ್ಪುವವರೇ. ಎರಡೂವರೆ ವರ್ಷ ಅಂದುಕೊಂಡಿದ್ದು ಎರಡಕ್ಕೆ ಇಳಿಯಬಹುದಂತೆ. ಎರಡಕ್ಕೆ ಇಳಿದರೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಅಂದರೆ ಜೈಲಿನಲ್ಲಿಡದೆ, ಮನೆಗೆ ಕಳಿಸಬಹುದು. ಇಳಿಯದಿದ್ದರೆ ಇಲ್ಲೇ. ಅವಳ ನಾಲ್ಕು ವರ್ಷದ ಮಗಳು ಅವಳ ಸ್ವಂತ ಅಕ್ಕನ ಮನೆಯಲ್ಲಿದ್ದಾಳೆ. ಫೋನ್ ಮಾಡಿದರೆ ಮಗು ದೊಡ್ಡಮ್ಮನನ್ನೇ ‘ಅಮ್ಮಾ’ ಅಂತ ಕೂಗುವುದು ಕೇಳಿಸುತ್ತದಂತೆ.

ಕೂಡಿಹಾಕಿದ್ದಕ್ಕೆ ಸಾಕ್ಷಿಯಾಗಿ ಕೋರ್ಟ್ ಕೇಳಿದ್ದು ನನ್ನ ರಿಜಿಸ್ಟರಿನ ನಕಲು. ಇಂಥ ನಕಲು ಕಳಿಸುವುದು ಇದೇ ಮೊದಲೇನಲ್ಲ. ಜೆರಾಕ್ಸ್ ತೆಗೆದು, ಕೆಳಗೆ ‘ಮೂಲದಲ್ಲಿರುವಂತೆಯೇ ಇದೆ’ ಎಂದು ಬರೆದು, ಸಹಿ, ಸೀಲು. ನಕಲು ಅಪ್ಪಟ ನಿಜ. ಸುಳ್ಳಿರುವುದು ಮೂಲದಲ್ಲಿ. ಹೀಗಂತ ನನಗೆ ನಾನೇ ಹೇಳಿಕೊಂಡು ಕ್ಯಾಂಟೀನಿಗೆ ಹೋದೆ. 

ಆಗಸ್ಟ್ 11, ಮಂಗಳವಾರ

ವಿಡಿಯೋದಲ್ಲಿ ವಿಚಾರಣೆ. ಜೈಲಿನ ಕಡೆಯಿಂದ ಕನೆಕ್ಟ್ ಮಾಡುವವಳು ನಾನೇ. ಒಂದು ಚೌಕದಲ್ಲಿ ಜಡ್ಜ್, ಎರಡರಲ್ಲಿ ಲಾಯರುಗಳು, ಇನ್ನೊಂದರಲ್ಲಿ ಸತ್ತ ಸೈಕಲ್ಲಿನವನ ಅಣ್ಣ.

“ದಿನಾ ಒಂದು ಗಂಟೆ ಹೊರಗೆ ಬಿಟ್ಟಿದ್ದಾರಲ್ಲಮ್ಮ?” ಜಡ್ಜ್ ಕೇಳಿದರು.

“ಇಲ್ಲ ಸರ್. ಮೂವತ್ಮೂರು ದಿನ ಬಾಗಿಲೇ ತೆಗೀಲಿಲ್ಲ,” ಅಂದಳು ವ್ಯಾನ್ ಅಕ್ಕ.

“ಬಾಯಿಮಾತಲ್ಲಿ ಯಾರು ಏನು ಬೇಕಾದ್ರೂ ಹೇಳ್ತಾರೆ ಸರ್,” ಸರ್ಕಾರಿ ಲಾಯರು. “ರಿಜಿಸ್ಟರ್ ಇದೆಯಲ್ಲ.”

ಸತ್ತವನ ಅಣ್ಣ ಮೈಕ್ ಆನ್ ಮಾಡಿದ. “ನನ್ನ ತಮ್ಮ ಮಣ್ಣಲ್ಲಿದ್ದಾನೆ. ನೀವು ಗಂಟೆ ಲೆಕ್ಕ ಹಾಕ್ತಾ ಕೂತಿದ್ದೀರಾ?”

ಅವನದೂ ಸರಿ. ಏನಂತ ಹೇಳುವುದು ಅವನಿಗೆ…

ಮುಂದಿನ ಮಂಗಳವಾರ ಮೂಲ ರಿಜಿಸ್ಟರೂ, ಬರೆದವರೂ ಕ್ಯಾಮೆರಾ ಮುಂದೆ ಹಾಜರಿರಬೇಕು — ಆರ್ಡರ್. ನಾನು ವ್ಯಾನ್ ಅಕ್ಕನಿಂದ ಒಂದು ಮಾರು ದೂರದಲ್ಲಿದ್ದೆ, ಕ್ಯಾಮೆರಾಗೆ ಕಾಣದ ಹಾಗೆ. ಅವಳು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗಸ್ಟ್ 13, ಗುರುವಾರ

ಸಾಹೇಬರು ಕರೆದು ಬಾಗಿಲು ಹಾಕಿಕೊಂಡರು.

“ವಾರ್ಡರಮ್ಮ ಕೊಟ್ಟ ಚೀಟಿ ನೋಡಿ ಬರೆದೆ ಅನ್ನು. ಅಷ್ಟೇ. ಅವ್ರು ಹೇಗೂ ಇಲ್ಲ. ಹೋದವರಿಗೆ ಯಾವ ನೋಟಿಸ್ ಬರುತ್ತೆ?”

ತಲೆ ಮೊಸರುಗಡಿಗೆ ಆಗಿದೆ. ಆ ಹೆಂಗಸು ಮೂವತ್ತೇಳು ಜನಕ್ಕೆ ಊಟ ಕೊಡುತ್ತಲೇ ಸತ್ತಳು!

ಆಗಸ್ಟ್ 16, ಭಾನುವಾರ. ಬೆಳಗ್ಗೆ 11

ಪಾತ್ರೆಗಳನ್ನು ಎರಡೆರಡು ಸಲ ತೊಳೆದೆ. ಒಣಗಿದ ಬಟ್ಟೆ ಮತ್ತೆ ಒಣಹಾಕಿದೆ.

“ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಕೂತ್ಕೋ ಒಂದ್ಕಡೆ. ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ,” ಅತ್ತೆ.

ಎಲ್ಲ ಹೇಳಿದೆ. ಕೆಲಸ ಹೋಗಬಹುದು, ಕೇಸೂ ಆಗಬಹುದು ಅಂತಲೂ ಹೇಳಿದೆ. ಅತ್ತೆ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು.

“ಸಾಹೇಬ್ರು ನನ್ನ ಜೀವ ಉಳಿಸಿದೋರು. ಅವ್ರ ಎದುರೇ ಹೇಳ್ತೀಯೇನೇ?”

ಒಣಹಾಕಿದ ಬಟ್ಟೆ ತೆಗೆಯಲು ಎದ್ದೆ. ಸಿಟ್ಟು ಬಂತು — ಅತ್ತೆ ಮೇಲಲ್ಲ. ಯಾರ ಮೇಲೋ. ನನ್ನ ಮೇಲೇ.

ಆಗಸ್ಟ್ 18, ಮಂಗಳವಾರ. ಮಧ್ಯಾಹ್ನ 1.20, ಊಟದ ಬಿಡುವು

ಹೇಳಿಬಿಟ್ಟೆ.

“ಜೂನ್ ಇಪ್ಪತ್ತನೇ ತಾರೀಖು ಈಕೆ ಹೊರಗೆ ಬಂದಿದ್ರಾ?” ಜಡ್ಜ್ ಕೇಳಿದರು.

“ಇಲ್ಲ ಸರ್.”

“ಮತ್ತೆ ಇಲ್ಲಿ ಬರೆದಿದೆ?”

“ನಾನೇ ಬರೆದೆ ಸರ್. ಹದಿನೈದಕ್ಕೇ ಬರೆದಿಟ್ಟೆ. ವಾರ್ಡರಮ್ಮಂದು ಏನೂ ತಪ್ಪಿಲ್ಲ.”

ಮೇಜು ಹಿಡಿದುಕೊಂಡೆ. ಸಾಹೇಬರು ಕಿಟಕಿ ಕಡೆ ತಿರುಗಿದರು. ವ್ಯಾನ್ ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎರಡು ಗಂಟೆಗೆ ಅವಳ ಶಿಕ್ಷೆ ಹೇಳುತ್ತೇನೆ, ಆ ಮೂವತ್ಮೂರು ದಿನ ಲೆಕ್ಕಕ್ಕೆ ಬರುತ್ತದೆ ಅಂದರು ಜಡ್ಜ್. ಮೈ ಹಗುರವಾಯಿತು. ಒಂದೇ ಒಂದು ಕ್ಷಣ.

“ಈ ಪುಟಗಳ ನಕಲು ಬೇರೆ ಕೇಸುಗಳಿಗೂ ಕಳಿಸಿದ್ದೀರಾ?”

“ಕಳಿಸಿದ್ದೀನಿ ಸರ್.”

“ಎಷ್ಟು? ಅವರಿಗೆಲ್ಲ ಈ ಸುಳ್ಳು ಲೆಕ್ಕದ ಮೇಲೇ ಶಿಕ್ಷೆ ಆಗಿಹೋಗಿರುತ್ತಲ್ರೀ! ಎರಡು ಗಂಟೆಗೆ ಪಟ್ಟಿ ತನ್ನಿ.”

ಊಟ ಬೇಡ. ಫೈಲುಗಳ ಬೀರುವಿನ ಕೀ ಸಾಹೇಬರ ಹತ್ತಿರ, ಕೊಡುತ್ತಿಲ್ಲ. ನೆನಪಿನಿಂದಲೇ ಇಲ್ಲಿ ಬರೆದುಕೊಳ್ಳುತ್ತೇನೆ.

1. ಔಷಧಿ ಅಂಗಡಿಯಲ್ಲಿ ಕದ್ದವಳು. ಹದಿನೆಂಟು ತಿಂಗಳು.

2. ಅವಳ ನಾದಿನಿ. ಅವಳಿಗೂ ಅಷ್ಟೇ.

3. ನಕಲಿ ಸಹಿ ಹಾಕಿದ ಮುದುಕಿ. ಮೂರು ವರ್ಷ. ನಾನು ಹಾಕಿದ್ದು ಅಸಲಿ ಸಹಿ…

4. ಗಂಡನಿಗೆ ಬಿಸಿನೀರು ಎರಚಿದವಳು. ನಾಲ್ಕು.

5. 6. ಅಕ್ಕತಂಗಿಯರು. ಒಂದೊಂದು ವರ್ಷ.

7. ಎತ್ತರದವಳು. ಎಷ್ಟು ಅಂತ ಗೊತ್ತಿಲ್ಲ. ಜುಲೈ ಕೊನೆಗೆ ದೊಡ್ಡ ಜೈಲಿಗೆ ಕಳಿಸಿದರು. ಹೋಗುವಾಗ ಕೈಮುಗಿದು, ‘ನೀವೊಬ್ರೇ ಮೇಡಂ ನಮ್ಮನ್ನ ಮನುಷ್ಯರ ಥರ ನೋಡಿದ್ದು’ ಅಂದಿದ್ದಳು. ಹೆಸರು… ಮೂವತ್ಮೂರು ದಿನ ನನ್ನ ಕೈಯಿಂದಲೇ ಬರೆದ ಹೆಸರು —