ಆರೋಗ್ಯವಂತರ ಪಟ್ಟಿಯಲ್ಲಿದ್ದ ತಂಗಿಗೆ

ವಿಜಯಶ್ರೀ,

ಆರರ ಬಸ್ಸಿಗೆ ಉಮದಿಯಿಂದ ವಿಜಯಪುರದ ಲ್ಯಾಬಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸುವ ಧೈರ್ಯವಾಗಲಿಲ್ಲ.

ದೇಹವೇ ತನ್ನ ಕೀಲು, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ರೋಗದ ಬಗ್ಗೆ ನನ್ನ ಸಂಶೋಧನೆ ನಿನಗೆ ಗೊತ್ತು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಾದಾಗ, "ನಂದ ತಗೋ ಅಕ್ಕಾ, ನನಗೇನಾಗೇತಿ?" ಎಂದು ತೋಳು ಚಾಚಿದವಳು ನೀನು. ನಿನ್ನೆ ಫಲಿತಾಂಶ ಬಂತು. ಆ ರೋಗದ ಗುರುತು ನಿನ್ನ ರಕ್ತದಲ್ಲೂ ಇದೆ.

ಗುರುತು ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಎಷ್ಟೋ ಮಂದಿಗೆ ಈ ಮಾತು ಹೇಳಿದ್ದೇನೆ, ಈಗ ನನಗೇ ಸಮಾಧಾನವಾಗುತ್ತಿಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ನಿನ್ನ ಬೆರಳು ಬಾತಿರುತ್ತವೆ. ಅವ್ವ, "ರೊಟ್ಟಿ ಬಡಿಯೂದು ತಪ್ಪಸಾಕ ನೆವಾ ಮಾಡ್ತಾಳ" ಎಂದಾಗ ನಾನೂ ನಕ್ಕುಬಿಟ್ಟೆ. ಇಷ್ಟು ಓದಿದವಳು ನಕ್ಕೆನಲ್ಲ!

ಇಂದು ದಾಳಿಂಬೆ ತೋಟಕ್ಕೆ ಹೋಗಬೇಡ, ಈ ರೋಗವಿದ್ದರೆ ಬಿಸಿಲು ಆಗದು. ರೊಟ್ಟಿ ಅವ್ವನೇ ಬಡಿಯಲಿ. ಬೆರಳು ನೋಯುತ್ತವೆಂದು ಅಂಗಡಿಯ ನೋವಿನ ಗುಳಿಗೆ ನುಂಗಬೇಡ, ಮೂತ್ರಪಿಂಡಕ್ಕೆ ಕೆಟ್ಟದ್ದು. ಜ್ವರ ಬಂದರೆ ಮುಚ್ಚಿಡಬೇಡ. ನಿನಗೆ ಆ ಚಾಳಿ ಇದೆ.

ಲ್ಯಾಬಿನಲ್ಲಿ ಉಳಿದಿರುವ ನಿನ್ನ ರಕ್ತವನ್ನು ಇಂದು ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಏನೇ ಬರಲಿ, ನಾಳೆ ಇಬ್ಬರೂ ಡಾಕ್ಟರ ಬಳಿ ಹೋಗೋಣ. ಹೊತ್ತಿಗೆ ಹಿಡಿದರೆ ಈ ರೋಗವನ್ನು ಹತೋಟಿಯಲ್ಲಿಡಬಹುದು. ಇದು ಸಮಾಧಾನದ ಮಾತಲ್ಲ, ನಾನು ಕಣ್ಣಾರೆ ಕಂಡದ್ದು.

ಓದಿದ ಕೂಡಲೇ ಫೋನ್ ಮಾಡು. ಚೀಟಿ ಬರೆದಿಟ್ಟು ಓಡಿಹೋದಳೆಂದು ಸಿಟ್ಟು ಬಂದರೆ ಬೈಯಲಿಕ್ಕಾದರೂ ಮಾಡು. ನಿನ್ನ ದನಿ ಕೇಳುವವರೆಗೆ ಫೋನ್ ಕೈಯಲ್ಲೇ ಹಿಡಿದಿರುತ್ತೇನೆ.

ದಾಕ್ಷಾಯಣಿ