ಬೀಗಿತಿಯ ಬೆನ್ನಿನ ಕೆಂಪು ದಾರ

ಮೇ ೯, ಬೆಳಿಗ್ಗೆ

ಟೀ ಆರಿ ನೀರಾಯಿತು. ಡಾಕ್ಟರಮ್ಮ ಇನ್ನೂ ಬೂಟು ಹುಡುಕುತ್ತಿದ್ದಾಳೆ. ಒಂದು ಮಂಚದಡಿ ಸಿಕ್ಕಿತು, ಇನ್ನೊಂದು ಅಡುಗೆಮನೆ ಕಿಟಕಿಯಲ್ಲಿದೆ, ಅವಳಿಗೆ ಕಂಡಿಲ್ಲ. ತರಗೆಲೆಯ ಬಣ್ಣದ ಆಮೆಯನ್ನು ತರಗೆಲೆಯೊಳಗೆ ಹುಡುಕುವವಳಿಗೆ ಮನೆಯೊಳಗಿನ ಬೂಟು ಕಾಣುವುದಿಲ್ಲ. ಹೇಳಿಯೇಬಿಟ್ಟೆ.

"ಬೂಟು ಎಲ್ಲೂ ಓಡಿಹೋಗಲ್ಲ ಅಜ್ಜಿ."

ಆಮೆ ಓಡಿಹೋಗುತ್ತದೇನೋ!

ಮೊಮ್ಮಗಳು ಪ್ರಾಣಿ ಡಾಕ್ಟರಿಕೆ ಓದುತ್ತಿದ್ದಾಳೆ. ಈ ಬೇಸಿಗೆಗೆ ಅವಳ ಕಾಲೇಜಿನ ಮೇಡಂ ಕೊಟ್ಟ, ಕಾಡಾಮೆಗಳ ಆರೋಗ್ಯ ನೋಡುವ ಪ್ರಾಜೆಕ್ಟ್. ಕಾಡಂಚಿನ ಕ್ವಾರ್ಟರ್ಸಿನಲ್ಲಿ ಹುಡುಗಿ ಒಬ್ಬಳೇ ಇರುವುದು ಬೇಡ ಎಂದು ಅವಳಮ್ಮ, ಅಂದರೆ ನನ್ನ ಮಗಳು, ನನ್ನನ್ನು ಕಾವಲಿಗೆ ಅಟ್ಟಿದ್ದಾಳೆ. ಎರಡು ಕೋಣೆ, ತಗಡಿನ ಮಾಡು, ಹೊರಗೊಂದು ನಲ್ಲಿ. ಹೊಲಿಗೆ ಡಬ್ಬಿ ತಂದಿದ್ದೇನೆ. ಅದಿದ್ದರೆ ನಾನು ಎಲ್ಲಿ ಬೇಕಾದರೂ ಇರಬಲ್ಲೆ.

ಮೇ ೧೨

ಇವತ್ತು ನಾನೂ ಹೋದೆ. ಅಬ್ಬಾ, ಎಂಥ ಕೆಲಸ! ಸೊಂಟ ಬಗ್ಗಿಸಿ ಪೊದೆ ಪೊದೆ ಇಣುಕುವುದು. ಆಮೆ ಸಿಕ್ಕರೆ ಬಾಯಿ ತೆರೆಸಿ ನೋಡು, ಕಣ್ಣು ನೋಡು, ಮೂಗು ಸುರಿಯುತ್ತಿದೆಯಾ ನೋಡು, ತೂಕ ಹಾಕು, ಸೂಜಿಯಲ್ಲಿ ತೊಟ್ಟು ರಕ್ತ ತೆಗೆ. ನನ್ನ ಮಂಡಿನೋವಿಗೆ ಯಾವ ಡಾಕ್ಟರೂ ಇಷ್ಟು ಹೊತ್ತು ಕೊಟ್ಟಿಲ್ಲ.

ಆಮೇಲೆ ಅದನ್ನು ಎತ್ತಿಕೊಂಡ ಜಾಗದಲ್ಲೇ ಬಿಡಬೇಕಂತೆ. ಆಚೆ ಪೊದೆಗೆ ಬಿಟ್ಟರೂ ತಪ್ಪು.

"ಹುಟ್ಟಿದಾಗಿಂದ ಸಾಯೋವರೆಗೂ ಅದಕ್ಕೆ ಅಷ್ಟೇ ಜಾಗ ಅಜ್ಜಿ. ಬೇರೆ ಕಡೆ ಬಿಟ್ರೆ ಮನೆ ಹುಡುಕ್ಕೊಂಡು ಅಲೀತಾ ಇರುತ್ತೆ. ಊಟ ಬಿಡುತ್ತೆ. ಕೊನೆಗೆ ರಸ್ತೆಗೆ ಹೋಗಿ ಗಾಡಿ ಕೆಳಗೆ ಸಿಗುತ್ತೆ."

ರಸ್ತೆ ಹತ್ತಿರವೇ ಇದೆ. ಲಾರಿ ಸದ್ದು ಇಲ್ಲಿಗೆ ಕೇಳುತ್ತದೆ.

ಮೇ ೧೬, ಸಂಜೆ

ಗಾಳಿ, ಮಳೆ, ಗುಡುಗು, ಎಲ್ಲ ಒಟ್ಟಿಗೆ. ಹುಡುಗಿ ನೆನೆದ ಬೆಕ್ಕಿನ ಹಾಗೆ ಬಂದಳು. ಚೀಲದಲ್ಲಿ ನಾಲ್ಕು ಆಮೆ. ಪರೀಕ್ಷೆಗೆ ಸಮಯ ಸಿಗಲಿಲ್ಲವಂತೆ. ಸಿಕ್ಕ ಜಾಗಕ್ಕೆ ನಂಬರಿನ ಬಾವುಟ ನೆಟ್ಟು ತಂದುಬಿಟ್ಟಿದ್ದಾಳೆ. ತೂಕ, ಫೋಟೊ ಎಲ್ಲ ನಾಳೆಗೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟಳು. ಮೈತುಂಬ ಕೆಸರು. ಮನೆಗೆ ಬಂದ ನೆಂಟರನ್ನು ಹಾಗೆ ಕೂರಿಸುತ್ತಾರಾ?

ಮೇ ೧೭, ಬೆಳಿಗ್ಗೆ

ಹುಡುಗಿ ಇನ್ನೂ ಮಲಗಿದ್ದಾಳೆ. ನಾಲ್ವರಿಗೂ ಸ್ನಾನ ಮಾಡಿಸಿದೆ. ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿ, ಒರೆಸಿ, ಬೆನ್ನಿಗೆ ಒಂದೊಂದು ತೊಟ್ಟು ಎಣ್ಣೆ. ಹೊಳೆಯುತ್ತಿದ್ದಾರೆ!

ಹೆಸರೂ ಇಟ್ಟಾಯಿತು. ತಿಕ್ಕುವಾಗ ಕೈ ಕಚ್ಚಲು ಬಂದವಳು ನಾದಿನಿ. ಏನು ಕೇಳಿದರೂ ತಲೆ ಒಳಗೆಳೆದುಕೊಳ್ಳುವವನು ಭಾವ. ಸೌತೆಕಾಯಿ ಕಂಡಾಗ ಮಾತ್ರ ಈಚೆ ಬಂದವನು ಅಳಿಯ. ನಾಲ್ಕನೆಯವಳು ಭಾರಿ, ಗಂಭೀರ. ಕತ್ತೆತ್ತಿ ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು. ಬೀಗಿತಿ. ಬೇರೆ ಯಾರೂ ಅಲ್ಲ.

ಬೆನ್ನ ಮೇಲೆ ಬಿಳಿ ಟೇಪಿನ ಚೀಟಿ ಅಂಟಿತ್ತು. ಹೊಸ ಪಾತ್ರೆಯ ಮೇಲೆ ಸ್ಟಿಕ್ಕರ್ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ನೆನೆಸಿ ಎಲ್ಲ ಕಿತ್ತು ಒಲೆಗೆ ಹಾಕಿದೆ. ಒಂದು ಚೂರು ಅಂಟು ಉಳಿದಿಲ್ಲ.

ಹುಡುಗಿ ಎದ್ದಳು...

ಅದೇ ದಿನ, ಮಧ್ಯಾಹ್ನ

ಆ ಚೀಟಿಯಲ್ಲಿ ನಂಬರ್ ಇತ್ತಂತೆ. ಯಾರು ಯಾವ ಬಾವುಟದ ಹತ್ತಿರ ಸಿಕ್ಕಿದ್ದು ಎನ್ನುವುದಕ್ಕೆ ಅದೊಂದೇ ಗುರುತು.

"ನೀನು ನೋಡಿರ್ತೀಯಲ್ಲ ಅಜ್ಜಿ? ಯಾರ ಮೇಲೆ ಯಾವ ನಂಬರ್ ಇತ್ತು?"

"ಮುಖ ನೋಡ್ದೆ ಕಣೇ. ನಂಬರ್ ಯಾರು ನೋಡ್ತಾರೆ?"

ಟಬ್ಬಿನ ಮುಂದೆ ಕುಸಿದು ಕೂತಳು. ಕಲ್ಲುರಾಶಿ, ಮುಳ್ಳುಪೊದೆ, ಮುರಿದ ಬೇಲಿ, ಹಳ್ಳದ ದಂಡೆ. ನಾಲ್ಕು ಜಾಗ, ನಾಲ್ಕು ಆಮೆ. ಯಾರದು ಯಾವುದು ದೇವರಿಗೇ ಗೊತ್ತು.

"ಒಂದೊಂದು ಕಡೆ ಒಂದೊಂದನ್ನ ಬಿಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ? ಆಮೆ ಹೋಗಿ ನಿಮ್ಮ ಮೇಡಂಗೆ ದೂರು ಕೊಡುತ್ತಾ?" ಎಂದೆ.

ತಿರುಗಿ ನೋಡಿದಳು. ಆ ನೋಟ ಇವಳಿಗೆ ಎಲ್ಲಿಂದ ಬಂತೋ. ಫೋನ್ ಹಿಡಿದು ಹೊರಗೆ ಹೋದಳು. ಮೇಡಂಗೇ ಮಾಡಿದ್ದಾಳೆ. ಕಿಟಕಿಯಿಂದ ಕೇಳಿಸಿತು. "ತಪ್ಪು ನನ್ನದೇ ಮೇಡಂ, ಅಲ್ಲೇ ಫೋಟೊ ತೆಗೀಬೇಕಿತ್ತು." ನನ್ನ ಸುದ್ದಿಯನ್ನೇ ಎತ್ತಲಿಲ್ಲ.

ಮೇ ೧೯

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಮನೆಯಲ್ಲಿ ಮಾತೇ ಇರಲಿಲ್ಲ, ಬರೆಯುವುದೇನು.

ಇವತ್ತು ಮೇಡಂ ಬಂದರು. ಗಿಡ್ಡ ಕೂದಲು, ಸಣ್ಣ ದನಿ. ಸಣ್ಣ ದನಿಯವರಿಗೇ ನಾನು ಹೆದರುವುದು. ಆಮೆಯ ಬೆನ್ನು ಮುಟ್ಟಿ ಬೆರಳು ಮೂಸಿದರು.

"ಇದೇನು, ಎಣ್ಣೆ?"

"ನಾನೇ ಹಚ್ಚಿದ್ದು. ಚೀಟಿ ಕಿತ್ತಿದ್ದೂ ನಾನೇ. ಬಯ್ಯೋದಿದ್ರೆ ನನಗೆ ಬಯ್ಯಿ" ಎಂದು ನಾನು ಮುಂದೆ ನಿಂತೆ.

"ನೀವು ನಮ್ಮ ಟೀಮಲ್ಲಿ ಇದೀರಾ?"

"ಇಲ್ಲ."

"ಹಾಗಾದ್ರೆ ಬಯ್ಯೋಕೆ ಆಗಲ್ಲ" ಎಂದು ಹುಡುಗಿಯ ಕಡೆ ತಿರುಗಿದರು. ಬಯ್ದರು. ನಿಂತಲ್ಲೇ ಚಿಕ್ಕವಳಾದಳು ನನ್ನ ಮೊಮ್ಮಗಳು. ಕೊನೆಗೆ ಹೇಳಿದರು: ನಾಲ್ಕೂ ತಮ್ಮ ತಮ್ಮ ಜಾಗ ಸೇರಿದರೆ ಪ್ರಾಜೆಕ್ಟ್ ಇವಳ ಕೈಯಲ್ಲೇ. ಒಂದು ದಾರಿ ತಪ್ಪಿದರೂ ಪೆಟ್ಟಿಗೆ ಕಟ್ಟಬೇಕು, ಬೇರೆಯವರು ಬರುತ್ತಾರೆ.

ಉಪಾಯವನ್ನೂ ಅವರೇ ಕೊಟ್ಟರು. ನಾಲ್ಕು ಬಾವುಟಗಳ ನಡುವೆ ಬಿಡುವುದು. ಬೆನ್ನಿನ ಹಿಂಭಾಗಕ್ಕೆ ದಾರದ ಉಂಡೆ ಅಂಟಿಸಿ, ದಾರದ ತುದಿ ಗಿಡಕ್ಕೆ ಕಟ್ಟುವುದು. ಆಮೆ ನಡೆದಂತೆ ದಾರ ಬಿಚ್ಚಿಕೊಳ್ಳುತ್ತದೆ, ಅದರ ಹಿಂದೆ ನಾವು. ಮನೆ ಎಲ್ಲಿದೆ ಎಂದು ಅದಕ್ಕೆ ಗೊತ್ತು.

ಆಮೇಲೆ ಬೀಗಿತಿಯ ಹಿಂಗಾಲಿನ ಮುಂದೆ ಬೆರಳಿಟ್ಟು ಒತ್ತಿ ನೋಡಿದರು. ಅವರ ಮುಖ ಇನ್ನೂ ಗಂಭೀರವಾಯಿತು.

"ಇವಳ ಹೊಟ್ಟೇಲಿ ಮೊಟ್ಟೆ ಇದೆ. ಹುಷಾರು."

ದಾರಕ್ಕೆ ಪೇಟೆಗೆ ಹೋಗಬೇಕು ಎಂದು ಅವರು ಹೇಳುವಷ್ಟರಲ್ಲಿ ನನ್ನ ಹೊಲಿಗೆ ಡಬ್ಬಿ ಮೇಜಿನ ಮೇಲಿತ್ತು. ಪೆನ್ಸಿಲಿಗೆ ಸುತ್ತುವುದು, ಪೆನ್ಸಿಲು ಎಳೆದು ತೆಗೆಯುವುದು, ಒಳಗಿನಿಂದ ದಾರ ಸರಾಗ ಬರಬೇಕು. ಹೇಗೆಂದು ಮೇಡಂ ತೋರಿಸಿದರು, ನಾನು ಸುತ್ತಿದೆ. ಭಾವನಿಗೆ ನೀಲಿ. ನಾದಿನಿಗೆ ಹಳದಿ. ಅಳಿಯನಿಗೆ ಹಸಿರು. ಬೀಗಿತಿಗೆ ಒಳ್ಳೆಯ ಕೆಂಪು, ಆಮೇಲೆ ಮಾತು ಬರಬಾರದು ನೋಡಿ.

ಮೇ ೨೦

ಭಾವ ಬಿಟ್ಟ ಕೂಡಲೇ ಹೊರಟವನು ಹಿಂದೆ ಮುಂದೆ ನೋಡಲಿಲ್ಲ. ನೀಲಿ ದಾರ ಗೆರೆ ಎಳೆದ ಹಾಗೆ ನೆಟ್ಟಗೆ ಮುಳ್ಳುಪೊದೆಗೆ. ಅಲ್ಲಿ ಅವನದೇ ಗುಳಿ, ಅವನದೇ ಅಳತೆ. ಹೊಕ್ಕು ತಲೆ ಒಳಗೆಳೆದುಕೊಂಡ.

ನಾದಿನಿ ಮಾತ್ರ... ಹಳದಿ ದಾರ ಒಂದು ಕಲ್ಲಿಗೆ ಸುತ್ತು, ಒಂದು ಬೇರಿಗೆ ಸುತ್ತು, ಮತ್ತೆ ಅದೇ ಕಲ್ಲಿಗೆ. ಯಾರ ಜೊತೆ ಜಗಳವೋ! ಸಂಜೆಗೆ ಮುರಿದ ಬೇಲಿ ತಲುಪಿದಳು.

ಹುಡುಗಿ ಮೊದಲ ಸಲ ನಕ್ಕಳು. "ಅಜ್ಜಿ, ನಾದಿನಿ ಅಂತ ಸರಿಯಾಗೇ ಹೆಸರಿಟ್ಟಿದೀಯ." ಮಾತು ಬಿಟ್ಟಿದ್ದವಳಿಗೆ ಅದರ ನೆನಪಾಗಿರಬೇಕು, ಮತ್ತೆ ಮುಖ ಊದಿಸಿಕೊಂಡಳು. ಊಟದ ಹೊತ್ತಿಗೆ ಅದೂ ಇಳಿದಿತ್ತು.

ಮೇ ೨೩

ಅಳಿಯ ಬಿಟ್ಟಲ್ಲಿಂದ ಕದಲಲಿಲ್ಲ, ಅಣಬೆ ಸಿಕ್ಕಿತ್ತು. ಅಣಬೆ ಮುಗಿಯಿತು, ಹೊರಟ. ಕಲ್ಲುರಾಶಿಯ ಸಂದಿಯಲ್ಲಿ ಸೇರಿಕೊಂಡ. ಹಾಗಾದರೆ ಉಳಿದ ಹಳ್ಳದ ದಂಡೆ ಬೀಗಿತಿಯದು. ಲೆಕ್ಕ ಸಲೀಸು.

ಆದರೆ ಬೀಗಿತಿ ಲೆಕ್ಕ ಕೇಳುವವಳಲ್ಲ. ಹಳ್ಳಕ್ಕೆ ಬೆನ್ನು ಹಾಕಿದ್ದಾಳೆ. ಕೆಂಪು ದಾರ ರಸ್ತೆ ಕಡೆ ಹೋಗುತ್ತಿದೆ.

ಮೇ ೨೪, ಮಧ್ಯಾಹ್ನ

ಇನ್ನೂ ರಸ್ತೆ ಕಡೆಗೇ. ನಿಲ್ಲುತ್ತಾಳೆ, ಮಣ್ಣು ಮೂಸುತ್ತಾಳೆ, ಇದಲ್ಲ ಎನ್ನುವ ಹಾಗೆ ಮುಂದೆ ಹೋಗುತ್ತಾಳೆ. ಸೀರೆ ಅಂಗಡಿಯಲ್ಲಿ ಎಲ್ಲ ಬಿಚ್ಚಿಸಿ ಎದ್ದು ಹೋಗುವವರ ಹಾಗೆ.

"ಹಳ್ಳಕ್ಕೆ ಎತ್ತಿ ಬಿಟ್ಟುಬಿಡೇ" ಎಂದೆ.

"ಬೇಡ ಅಜ್ಜಿ. ಅವಳು ಮೊಟ್ಟೆ ಇಡೋ ಜಾಗ ಹುಡುಕ್ತಿದಾಳೆ. ಆವತ್ತು ನಾನು ಹಿಡಿದಾಗಲೂ ಇಲ್ಲಿಗೇ ಹೊರಟಿದ್ಲು ಅನ್ಸುತ್ತೆ. ಈಗ ಮುಟ್ಟಿದ್ರೆ ಬಿಟ್ಟುಬಿಡ್ತಾಳೆ."

"ರಸ್ತೆಗೆ ಇಳಿದ್ರೆ?"

ಕೈಯುಗುರು ಕಚ್ಚುತ್ತಿದ್ದಳು. ಮೇಡಂಗೆ ಫೋನ್ ಮಾಡಿದಳು. ಅವರು ಹೇಳಿದ್ದು ಇಷ್ಟೇ: "ಅಲ್ಲಿ ಇರೋಳು ನೀನು. ನೀನೇ ನಿರ್ಧಾರ ಮಾಡು. ಮೊಟ್ಟೆ ಇಟ್ರೆ ದಾರಿ ಅವಳಿಗೆ ಗೊತ್ತಿದೆ ಅಂತ ಅರ್ಥ, ಆಗ ಬೇಸಿಗೆ ಪೂರ್ತಿ ಕೆಲಸ ನಿನ್ನದು. ಗಾಡಿಗೆ ಸಿಕ್ಕಿದ್ರೆ ನಿನಗೂ ಗೊತ್ತು."

ಫೋನ್ ಇಟ್ಟವಳು ನನ್ನ ಛತ್ರಿ ಕೇಳಿದಳು. "ಮುಟ್ಟಲ್ಲ. ಕಾಯೋಣ."

ಅದೇ ದಿನ, ಸಂಜೆ

ರಸ್ತೆಯಂಚಿನಲ್ಲಿ ಸಡಿಲ ಮಣ್ಣಿನ ಇಳಿಜಾರಿದೆ. ಬಿಸಿಲು ಬೀಳುವ ಜಾಗ. ಬೀಗಿತಿ ಅಲ್ಲೇ ನಿಂತುಬಿಟ್ಟಳು, ಡಾಂಬರಿನಿಂದ ಒಂದು ಮಾರು ಈಚೆ. ಹುಡುಗಿ ಹುಲ್ಲಿನಲ್ಲಿ ಬೋರಲು ಮಲಗಿದ್ದಾಳೆ. ನಾನು ಮಡಚುವ ಸ್ಟೂಲಿನ ಮೇಲೆ, ಛತ್ರಿ ಬಿಚ್ಚಿ, ರಸ್ತೆ ಕಡೆ ಮುಖ ಮಾಡಿ.

ಬ್ರೆಡ್ಡಿನ ವ್ಯಾನು ಬಂತು. ಡ್ರೈವರು ಸರಿಯಾಗಿ ಇಲ್ಲೇ ಪಕ್ಕಕ್ಕೆ ಇಳಿಸಿ ನಿಲ್ಲಿಸಲು ನೋಡಿದ. ಛತ್ರಿ ಅಡ್ಡ ಹಿಡಿದೆ.

"ಏನಜ್ಜಿ, ದಾರಿ ಬಿಡಿ. ಟಯರ್ ಯಾಕೋ ಮೆತ್ತಗಿದೆ, ನೋಡ್ಬೇಕು."

"ಮುಂದೆ ಹೋಗಿ ನೋಡ್ಕೋ. ಇಲ್ಲಿ ಹೆರಿಗೆ ನಡೀತಿದೆ."

ಅವನ ಬಣ್ಣವೇ ಇಳಿಯಿತು. ಹುಲ್ಲಿನಲ್ಲಿ ಬಿದ್ದಿದ್ದ ನನ್ನ ಮೊಮ್ಮಗಳ ಕಾಲು ಕಾಣಿಸಿರಬೇಕು. "ಅಯ್ಯೋ! ಆಂಬುಲೆನ್ಸ್ ಕರೀಲಾ? ವ್ಯಾನಲ್ಲಿ ಮಲಗ್ಸಿ, ಬ್ರೆಡ್ಡೆಲ್ಲ ಇಳಿಸ್ತೀನಿ!"

"ನಾನಲ್ಲ ಮಾರಾಯ, ಆಮೆ!" ಹುಡುಗಿ ಹುಲ್ಲಿನೊಳಗಿಂದಲೇ ಪಿಸುಗುಟ್ಟಿದಳು.

ಇಳಿದು ಬಂದು ನೋಡಿದ. ಬಯ್ಯುತ್ತಾನೆ ಎಂದುಕೊಂಡೆ. ಮಂಡಿಯೂರಿ ಕೂತವನು, "ಮೊದಲನೇದಾ?" ಎಂದು ಮೆಲ್ಲಗೆ ಕೇಳಿದ.

"ಮುಖ ನೋಡಿದ್ರೆ ಗೊತ್ತಾಗಲ್ವಾ? ಮೊಮ್ಮಕ್ಕಳನ್ನ ಕಂಡವಳು."

ವ್ಯಾನನ್ನು ಹಿಂದೆ ಒಯ್ದು ರಸ್ತೆಯ ಮೇಲೇ ದೀಪ ಮಿನುಗಿಸಿ ನಿಲ್ಲಿಸಿದ್ದಾನೆ. ಬರುವ ಗಾಡಿಗಳೆಲ್ಲ ಈಗ ಆ ಕಡೆಯಿಂದ ಸುತ್ತಿ ಹೋಗುತ್ತಿವೆ. ಕೈಬೀಸಿ ಅವನೇ ಕಳಿಸುತ್ತಿದ್ದಾನೆ, ಟಯರ್ ಮರೆತೇಹೋಗಿದೆ.

ಬೀಗಿತಿ ಹಿಂಗಾಲು ಆಡಿಸುತ್ತಿದ್ದಾಳೆ. ಒಂದು ಕಾಲಲ್ಲಿ ಮಣ್ಣು ತೆಗೆಯುತ್ತಾಳೆ, ಇನ್ನೊಂದರಲ್ಲಿ ಪಕ್ಕಕ್ಕೆ ಒತ್ತುತ್ತಾಳೆ. ಎಷ್ಟು ಜೋಪಾನ. ಹಿಂದೆ ತಿರುಗಿ ನೋಡುವುದೂ ಇಲ್ಲ, ಕಾಲಿಗೇ ಕಣ್ಣಿರುವ ಹಾಗೆ. ಹುಡುಗಿಯ ಗಲ್ಲದ ಮೇಲೆ ಇರುವೆ ಹರಿಯುತ್ತಿದೆ, ಅಲ್ಲಾಡುತ್ತಿಲ್ಲ.

ಗುಳಿ ಆಯಿತು. ನಿಂತಳು. ಏನೂ ಇಲ್ಲ... ವ್ಯಾನಿನವನು ಅಲ್ಲಿಂದಲೇ ಕೈಸನ್ನೆಯಲ್ಲಿ ಏನಾಯಿತು ಎಂದು ಕೇಳುತ್ತಿದ್ದಾನೆ. ನನಗೇನು ಗೊತ್ತು, ನಾನೇನು ಡಾಕ್ಟರಾ?

ಹುಡುಗಿ ಕೈ ಚಾಚಿ ನನ್ನ ಪಾದ ಹಿಡಿದುಕೊಂಡಿದ್ದಾಳೆ. ಅಜ್ಜಿ, ಬರೀಬೇಡ, ಪೆನ್ನು ಸದ್ದು ಮಾಡ್ತಿದೆ ಎನ್ನುತ್ತಾಳೆ. ಇವಳದೊಂದು— ಬಂತು, ಬಿಳೀದು, ಉದ್ದಕ್ಕೆ, ಒದ್ದೆ ಒದ್ದೆ ಮೊಟ್ಟೆ, ಎರಡನೇದೂ...