ಒಳಗೆ ಸುದ್ದಿ ಮುಟ್ಟಲಿಲ್ಲ

ಹಾವೇರಿ,
೧೨ ಫೆಬ್ರುವರಿ ೨೦೦೮

ಅಕ್ಕ ಜಯವ್ವನಿಗೆ ಪುಂಡಲೀಕನ ನಮಸ್ಕಾರಗಳು.

ಮುಂದಿನ ಗುರುವಾರದ ನಿಶ್ಚಯಕ್ಕೆ ಕರೆದಿದ್ದೀ. ದೊಡ್ಡ ಮಗಳು ಶೀಲಾಳನ್ನು ನನಗೆ ಕೊಟ್ಟಂತೆ ಈಗ ಕಿರಿಯವಳು ಅಂಜಲಿಯನ್ನು ನಮ್ಮ ತಮ್ಮ ಮನೋಹರನಿಗೆ ಕೊಡುತ್ತಿದ್ದೀ. ಅದನ್ನು ನಿಲ್ಲಿಸು ಎಂದು ಕೇಳಲು ಬರೆಯುತ್ತಿದ್ದೇನೆ.

ನಮ್ಮ ಕೂಸು ಕಿರಣಕುಮಾರ ಹನ್ನೊಂದು ತಿಂಗಳು ಬದುಕಿದ. ಬಾಯಲ್ಲಿ ಮಾಯದ ಬಿಳಿ ಹುಣ್ಣು, ನಿಲ್ಲದ ಭೇದಿ, ಕೊನೆಗೆ ನ್ಯುಮೋನಿಯಾ. ರಾಣೆಬೆನ್ನೂರಿನಲ್ಲಿ ರಕ್ತ ನೋಡಿದಾಗಲೆಲ್ಲ ಬಿಳಿ ಕಣಗಳ ಸಂಖ್ಯೆ ಸರಿಯಾಗಿಯೇ ಬರುತ್ತಿತ್ತು. "ಹೆದರಬ್ಯಾಡ ಅಕ್ಕಾ, ಎಲ್ಲಾ ಬರೋಬ್ಬರಿ ಐತಿ" ಎಂದು ಆ ಚೀಟಿಯನ್ನು ನಿನಗೆ ತೋರಿಸಿದವನು ನಾನೇ.

ಸಂಖ್ಯೆ ಸರಿಯಿತ್ತು. ಕೆಲಸ ನಡೆಯುತ್ತಿರಲಿಲ್ಲ. ರೋಗದೊಡನೆ ಹೋರಾಡುವ ಟಿ ಕೋಶದ ಮೈಮೇಲೆ ರೋಗಾಣುವನ್ನು ಗುರುತಿಸುವ ಗ್ರಾಹಕವಿರುತ್ತದೆ. ಗುರುತಿಸಿದ ಸುದ್ದಿಯನ್ನು ಕೋಶದ ಒಳಕ್ಕೆ ದಾಟಿಸುವುದು ಝ್ಯಾಪ್-೭೦ ಎಂಬ ಪ್ರೋಟೀನು. ಕಿರಣನಲ್ಲಿ ಅದು ಇರಲಿಲ್ಲ. ಒಂದು ಬಗೆಯ ಟಿ ಕೋಶಗಳು ಬೆಳೆಯಲೇ ಇಲ್ಲ. ಇನ್ನೊಂದು ಬಗೆಯವು ಬೇಕಾದಷ್ಟಿದ್ದವು. ರೋಗಾಣು ಬಂದು ನಿಂತರೂ ಎಚ್ಚರಗೊಳ್ಳಲಿಲ್ಲ.

ನೀನು "ಅಕೀ ಹಾಲಿನ್ಯಾಗ ದೋಷ ಐತಿ" ಎಂದು ಶೀಲಾಳ ಮೊಲೆಹಾಲು ಬಿಡಿಸಿದೆ. ಹಾಲಿನ ಬಾಟಲಿ ತಂದುಕೊಟ್ಟವನು ನಾನು.

ಡಾಕ್ಟರು ಹೊರದೇಶಕ್ಕೆ ಕಳಿಸಿದ್ದ ನಮ್ಮ ಮೂವರ ರಕ್ತದ ವರದಿ ಬಂದದ್ದು ಕೂಸನ್ನು ಮಣ್ಣು ಮಾಡಿದ ನಲವತ್ತನೆಯ ದಿನ. ಆ ಪ್ರೋಟೀನಿನ ಜೀನು ಪ್ರತಿಯೊಬ್ಬರಲ್ಲೂ ಎರಡಿರುತ್ತವೆ; ನನ್ನಲ್ಲಿ ಒಂದು ಕೆಟ್ಟಿದೆ, ಶೀಲಾಳಲ್ಲಿ ಒಂದು. ಒಂದೇ ಕೆಟ್ಟಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋದರಮಾವನೇ ಗಂಡನಾದ ನಮ್ಮ ಮದುವೆಯಲ್ಲಿ ಮನೆತನದ ಅದೇ ದೋಷ ಎರಡೂ ಕಡೆಯಿಂದ ಬಂದು ಕಿರಣನಲ್ಲಿ ಕೂಡಿತು. ನಾಲ್ಕು ತಿಂಗಳು ಆ ಕಾಗದವನ್ನು ಕಪಾಟಿನಲ್ಲಿಟ್ಟೆ. ನೀನು ಅವಳನ್ನು ಬೈಯುವಾಗ ಯಾವುದೋ ಅನುವಾದದ ಕಾದಂಬರಿಯಲ್ಲಿ ಮುಖವಿಟ್ಟು ಕುಳಿತಿದ್ದೆ. ಬೆರಳು ನನ್ನ ಕಡೆ ತಿರುಗಲಿಲ್ಲವೆಂಬ ಸಮಾಧಾನವೂ ಇತ್ತು.

ಮೊನ್ನೆ ವರದಿಯನ್ನು ಶೀಲಾಳಿಗೆ ಓದಿ ಹೇಳಿದೆ. ಅಳಲಿಲ್ಲ. "ಹಂಗಾರ ನನ್ನ ಹಾಲು ಚಲೋನ ಇತ್ತು" ಎಂದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ಫೋನಿನಲ್ಲಿ ಸಂಬಂಧದೊಳಗೆ ಬೇಡ ಎಂದಾಗ ನೀನು ನಕ್ಕೆ: "ಗಂಡು ಸಾಲು ಬ್ಯಾರೆ, ಹೆಣ್ಣು ಸಾಲು ಬ್ಯಾರೆ ಇಡಾಕ ನಾವೇನು ಟೊಮ್ಯಾಟೊ ಗಿಡ ಏನಲೇ?" ಕುಪ್ಪೇಲೂರಿನ ಬೀಜದ ಹೊಲಗಳಲ್ಲಿ ಇಪ್ಪತ್ತು ವರ್ಷ ಗಂಡು ತಳಿಯ ಸಾಲಿನ ಹೂವನ್ನು ಹೆಣ್ಣು ತಳಿಯ ಹೂವಿಗೆ ಮುಟ್ಟಿಸಿ ಕ್ರಾಸಿಂಗ್ ಮಾಡಿದವಳು ನೀನು. ನಾನೂ ನಕ್ಕುಬಿಟ್ಟೆ. ನಗಬಾರದಿತ್ತು.

ಅಂಜಲಿ, ಮನೋಹರ ಇಬ್ಬರಲ್ಲೂ ಆ ದೋಷ ಇರಬಹುದು, ಇಲ್ಲದಿರಬಹುದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಕಿರಣನಂಥ ಕೂಸು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು. ಅವರ ರಕ್ತ ಪರೀಕ್ಷೆಯಾಗುವವರೆಗೆ ಎಲೆ ಅಡಿಕೆ ಬದಲಾಯಿಸಬೇಡ.

ಈ ಪತ್ರದ ಪ್ರತಿಯನ್ನೂ ವರದಿಯನ್ನೂ ಅವರಿಬ್ಬರಿಗೂ ಕಳಿಸಿದ್ದೇನೆ. ಇದಕ್ಕಾಗಿ ನೀನು ಇನ್ನು ನಮ್ಮ ಹೊಸ್ತಿಲು ತುಳಿಯದಿದ್ದರೆ ಸಹಿಸುತ್ತೇನೆ.

ಯಾರ ಮನೆ ತುಂಬಿದರೂ ಅಂಜಲಿಯ ಹೊಟ್ಟೆ ತಣ್ಣಗಿರಲಿ.

ನಿನ್ನ ತಮ್ಮ,
ಪುಂಡಲೀಕ